ಸೆವ್ರಿನ್ ಬಾಯಿಯ ನೆಟ್ಟು

ದಿನಕ್ಕೆ ಒಂದೂವರೆ ಜೀಬಿ, ಇಪ್ಪತ್ತೆಂಟು ದಿನ.
ತಿಂಗಳಿಗೆ ಎರಡು ದಿನ ಕಮ್ಮಿ ಯಾಕೆ ಎಂದು
ಕಂಕನಾಡಿಯ ರೀಚಾರ್ಜ್ ಅಂಗಡಿಯವನಲ್ಲಿ
ಜಗಳಾಡಿದವಳು ನಾನು.
ಸೀರೆಗೆ ಫಾಲ್ಸ್ ಹೊಲಿಯುವವಳಿಗೆ
ಎರಡು ದಿನವೆಂದರೆ ಎಂಟು ಸೀರೆ.

ಲಾದ್ರುವಿನ ಹೊಟ್ಟೆ ಕೊಯ್ದ ಮೂರನೇ ರಾತ್ರಿ
ವೆನ್ಲಾಕಿನ ವಾರ್ಡಿನ ಹೊರಗಿನ ಬೆಂಚಿನಲ್ಲಿ
ಒಬ್ಬಳು ಹುಡುಗಿ ಕೇಳಿದಳು:
ಬಾಯೀ, ನಿಮ್ಮಲ್ಲಿ ನೆಟ್ ಉಂಟಾ?
ಸ್ವಲ್ಪ ಉಪ್ಪು ಉಂಟಾ ಎಂದು ಕೇಳುವ ಹಾಗೆ.
ಮಡಿಲಲ್ಲಿ ಲ್ಯಾಪ್‌ಟಾಪು, ಮೂಗಿನ ತುದಿಯಲ್ಲಿ ಅಳು.
ಹನ್ನೊಂದು ಐವತ್ತೊಂಬತ್ತರ ಒಳಗೆ
ಕಾಲೇಜಿಗೆ ಏನೋ ಕಳಿಸಬೇಕಂತೆ.
ಒಳಗೆ ಅವಳಪ್ಪನಿಗೆ ಡಯಾಲಿಸಿಸ್.

ಕೊಡುವುದು ಹೇಗೆಂದು ನನಗೆ ಗೊತ್ತಿಲ್ಲ.
ನನ್ನ ಫೋನು ತೆಗೆದುಕೊಂಡು ಅವಳೇ ಒತ್ತಿದಳು,
ಹೆಸರು ಕೇಳಿ ಬರೆದಳು,
ಪಾಸ್‌ವರ್ಡ್ ಏನಿಡಲಿ ಎಂದಳು.
ಆ ಹೊತ್ತಿಗೆ ನೆನಪಾದದ್ದು ಮಧ್ಯಾಹ್ನದ ಸಾರು. ಬಂಗುಡೆ, ಎಂದೆ.
ಇಂಗ್ಲಿಷಿನಲ್ಲಿ ಎಣಿಸಿದಳು. ಒಂದು ಕಮ್ಮಿ, ಎಂಟು ಬೇಕು.
ಹಾಗಾದರೆ ಒಂದು ಬಂಗುಡೆ ಅಂತ ಇಡು ಮಾರಾಯ್ತಿ.
ಅವಳು ಕೊನೆಗೊಂದು ಒಂದು ಹಾಕಿದಳು.

ಪರದೆಯ ಮೇಲೆ ಬಂತು:
ಒಂದು ಸಾಧನ ಸಂಪರ್ಕಗೊಂಡಿದೆ.
ಐವತ್ತೆಂಟು ವರ್ಷಕ್ಕೆ ನನ್ನದೂ ಒಂದು ಸಾಧನೆ.

ಮರುದಿನ ಎರಡು. ಆಮೇಲೆ ನಾಲ್ಕು.
ಮುಕ್ಕಚ್ಚೇರಿಯ ಇಮ್ತಿಯಾಜ್
ಐಸಿಯುವಿನ ಗಾಜಿಗೆ ಫೋನು ಆನಿಸಿ ಹಿಡಿದ,
ಜುಬೈಲಿನಲ್ಲಿರುವ ಅಪ್ಪನಿಗೆ ಅಮ್ಮ ಕಾಣಲೆಂದು.
ಆಚೆಯವನು ಒಂದು ಮಾತೂ ಆಡಲಿಲ್ಲ.
ಹತ್ತು ನಿಮಿಷ ಗಾಜು, ಮಂಚದ ಕಾಲು, ಒಂದು ಫ್ಯಾನು.
ಬಾಯೀ, ವೀಡಿಯೊ ತುಂಬ ತಿನ್ನುತ್ತದೆ, ಎಂದ ಹುಡುಗ, ತಪ್ಪು ಮಾಡಿದವನ ಹಾಗೆ.
ತಿನ್ನಲಿ, ಎಂದೆ.

ಬೆಂಗರೆಯ ಕೊರಗಪ್ಪಣ್ಣನಿಗೆ ಮಾತ್ರ ಗಾಳಿ ಬೇಕು.
ನಕ್ಷೆಯಲ್ಲಿ ನೀಲಿ ಬಾಣಗಳು, ಅರಬ್ಬೀ ಕಡಲು.
ನಾಳೆ ದೋಣಿ ಇಳಿಸ್ಲಿಕ್ಕುಂಟಾ ಕೊರಗಪ್ಪಣ್ಣಾ?
ಇಲ್ಲ. ಹೆಂಡತಿ ಏಳದೆ ಎಲ್ಲಿಯ ದೋಣಿ.
ಮತ್ತೆ?
ಆದ್ರೆ ಗಾಳಿ ಉಂಟಲ್ಲ, ಎಂದರು.

ಹತ್ತೂವರೆಗೆಲ್ಲ ಮುಗಿಯುತ್ತಿತ್ತು ನನ್ನ ಒಂದೂವರೆ.
ಹನ್ನೆರಡಕ್ಕೆ ಹೊಸದು ಬರಬೇಕು.
ಕ್ರಿಸ್ಮಸ್ಸಿನ ನಡುರಾತ್ರಿಯ ಪೂಜೆಗೆ ಕಾದ ಹಾಗೆ
ನಾವೆಲ್ಲ ಬೆಂಚಿನಲ್ಲಿ, ಚಾಪೆಯಲ್ಲಿ, ಗೋಡೆಗೊರಗಿ.
ಯಾರೋ ಬನ್ಸ್ ಬಿಡಿಸಿದರು.
ನರ್ಸಮ್ಮ ಬಂದು ಗದರಿ ಅರ್ಧ ತಿಂದು ಹೋದಳು.

ಊರಿಗೆಲ್ಲ ಹಂಚುತ್ತೀಯಾ, ಎಂದು ಗೊಣಗಿದ ಲಾದ್ರು,
ಫೋನು ನೋಡು, ಕಾದ ಕಾವಲಿ.
ನಾನು ಆ ಕಾವಲಿಯನ್ನು ಅವನ ಅಂಗೈಯೊಳಗಿಟ್ಟೆ,
ಸಲೈನ್ ಹೋಗಿ ಹೋಗಿ ತಣ್ಣಗಾದ ಕೈ.
ಸ್ವಲ್ಪ ಹೊತ್ತು ಬಿಟ್ಟು ಹೇಳಿದ: ಇರಲಿ, ತೆಗೀಬೇಡ.

ಒಂದು ಬೆಳಿಗ್ಗೆ ಇಮ್ತಿಯಾಜನ ಚಾಪೆ ಇರಲಿಲ್ಲ.
ಮನೆಗೋ, ಬೇರೆಲ್ಲಿಗೋ,
ನಾವ್ಯಾರೂ ನರ್ಸಮ್ಮನನ್ನು ಕೇಳಲಿಲ್ಲ.
ಯಾರ ನಂಬರೂ ನನ್ನಲ್ಲಿಲ್ಲ.
ಅಷ್ಟು ದಿನ ಒಂದೇ ಬೆಂಚಿನಲ್ಲಿದ್ದವರಿಗೆ ನಂಬರು ಯಾಕೆ.

ನಿನ್ನೆ ಸ್ಟೇಟ್ ಬ್ಯಾಂಕಿನ ಸ್ಟಾಪಿನಲ್ಲಿ
ತಂಗಿಯ ಮೊಮ್ಮಗ ರೋವನ್ ಬಸ್ಸಿನೊಳಗೆ ಟ್ಯಾಬು ಹಿಡಿದು ಹಠ,
ನೆಟ್ ಕೊಡು, ನೆಟ್ ಕೊಡು.
ಈಗ ನನಗೆ ಒತ್ತಲು ಬರುತ್ತದೆ. ಒತ್ತಿದೆ.
ಎರಡು ಸಾಧನಗಳು ಸಂಪರ್ಕಗೊಂಡಿವೆ.

ಎರಡು?

ಒಂದು ಟ್ಯಾಬು. ಇನ್ನೊಂದರ ಹೆಸರಿನ ಜಾಗದಲ್ಲಿ
ಬರೀ ಅಂಕೆ, ಅಕ್ಷರ.
ಕಿಟಕಿಯಲ್ಲಿ ತಲೆ ಹಾಕಿ ನೋಡಿದೆ.
ಬುಟ್ಟಿ ಹೊತ್ತ ಮೀನಿನವರು, ಸೀಟಿ ಊದುವ ಕಂಡಕ್ಟರು,
ಬ್ಯಾಗಿನ ಹುಡುಗಿಯರು, ಒತ್ತಿ ನಿಂತ ಉಳ್ಳಾಲದ ಬಸ್ಸು,
ಅದರ ತುಂಬ ತಗ್ಗಿಸಿದ ತಲೆಗಳು.
ಯಾರದೋ ಜೇಬಿನಲ್ಲಿ, ಯಾರಿಗೂ ಹೇಳದೆ,
ಒಂದು ಫೋನು ನನ್ನ ಗುರುತು ಹಿಡಿದಿತ್ತು.

ನಮ್ಮ ಬಸ್ಸು ಹೊರಟಿತು.
ಕ್ಲಾಕ್ ಟವರಿನ ತಿರುವಿಗೆ ಮತ್ತೆ ಒಂದೇ.

ಯಾರೋ ನಿಮ್ಮ ನೆಟ್ ಕದೀತಿದ್ದಾರೆ ಬಾಯೀ,
ಪಾಸ್‌ವರ್ಡ್ ಬದಲಾಯಿಸಿ ಎಂದ ರೋವನ್, ತಲೆಯೆತ್ತದೆ.
ಆಯ್ತು, ಎಂದೆ.
ಬದಲಾಯಿಸಿಲ್ಲ.
ಒಂದು ಬಂಗುಡೆ.